ಭಾವನ ಉಸಿರಿನ ಪೆಟ್ಟಿಗೆ

ಚೆನ್ನೈಯಲ್ಲಿ, ಗಿಂಡಿಯ ಕೈಗಾರಿಕಾ ವಸಾಹತಿನ ಹಿಂದಿನ ರಸ್ತೆಯಲ್ಲಿ ನಮ್ಮ ಹೋಟೆಲು. ಕೆಳಗೆ ಇಡ್ಲಿ, ಕಾಫಿ, ಶಿಫ್ಟ್ ಮುಗಿಸಿ ಬಂದವರ ಗದ್ದಲ. ಮಹಡಿಯ ಕೋಣೆಯಲ್ಲಿ ಅಕ್ಕಿ, ಉದ್ದು, ಒಣಮೆಣಸಿನ ಮೂಟೆಗಳು. ಆ ಕೋಣೆಯ ಮೂಲೆಯಲ್ಲಿ ಮೂರು ವರ್ಷದಿಂದ ಒಂದು ಪೆಟ್ಟಿಗೆ ಗೋಣಿ ಹೊದ್ದುಕೊಂಡು ಕೂತಿತ್ತು. ಸಾಮಾನು ತರಲು ಮೇಲೆ ಹೋದವರು ಅದಕ್ಕೆ ಬೆನ್ನು ಹಾಕದೆ, ಒಂದು ನಮೂನೆ ಅಡ್ಡಡ್ಡ ನಡೆದು ಹೊರಗೆ ಬರುತ್ತಿದ್ದರು. ಹಾಗೆ ಮಾಡಿ ಎಂದು ಯಾರೂ ಯಾರಿಗೂ ಹೇಳಿದ್ದಿಲ್ಲ.

ಅದು ಭಾವನ ಪೆಟ್ಟಿಗೆ. ಭಾವ ಎಂದರೆ ನನ್ನ ಅಕ್ಕನ ಗಂಡ. ನೀರಿನೊಳಗೆ ಉಸಿರಾಡುವ ಯಂತ್ರ ಅದು. ಮಾರುವವರು ರೀಬ್ರೀದರ್ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಉಸಿರಿನ ಪೆಟ್ಟಿಗೆ ಎಂದೇ ಅದರ ಹೆಸರು. ಒಂದು ಭಾನುವಾರ ಬೆಳಿಗ್ಗೆ ಅದನ್ನು ಬೆನ್ನಿಗೆ ಕಟ್ಟಿಕೊಂಡು ಊರಿನ ದಕ್ಷಿಣಕ್ಕಿರುವ ಕೋವಳಂ ಕಡೆಯಿಂದ ದೋಣಿಯಲ್ಲಿ ಹೊರಟ ಭಾವ ಜೀವಂತವಾಗಿ ದಡ ಸೇರಲಿಲ್ಲ. ವಿಚಾರಣೆ ಮಾಡಿದವರು ಪೆಟ್ಟಿಗೆಯನ್ನು ಬಿಚ್ಚಿ ನೋಡಿದರು. ನೀರು ಹೊಕ್ಕು, ಉಸಿರು ಶುದ್ಧ ಮಾಡಲು ಒಳಗೆ ತುಂಬಿದ್ದ ಸುಣ್ಣವೆಲ್ಲ ಗಂಜಿಯಾಗಿತ್ತು. ಅದರಿಂದ ಏನೂ ತಿಳಿಯುವುದಿಲ್ಲ ಎಂದು ಹೇಳಿ ಗೋಣಿಯಲ್ಲಿ ಸುತ್ತಿ ವಾಪಸು ಕೊಟ್ಟರು.

ಹೋಟೆಲಿನವನಿಗೆ ಸಮುದ್ರದ ಹುಚ್ಚು ಹೇಗೆ ಹಿಡಿಯಿತು ಎಂದು ಕೇಳುವವರಿದ್ದಾರೆ. ಹಿಡಿಸಿದವನು ನಾನೇ. ಮಣಲಿ ಕಡೆಯ ಕಾರ್ಖಾನೆಗಳಿಗೆ ಸಮುದ್ರದ ನೀರು ಎಳೆಯುವ ಕೊಳವೆಗಳಿವೆಯಲ್ಲ, ಅವುಗಳ ಬಾಯಿಗೆ ಚಿಪ್ಪು ಕಟ್ಟಿದೆಯೇ, ತುಕ್ಕು ಹಿಡಿದಿದೆಯೇ ಎಂದು ಮುಳುಗಿ ನೋಡುವುದು ನನ್ನ ಕೆಲಸ. ಮನೆಯಲ್ಲಿ ಕೂತು ಅದರ ಕಥೆ ಹೇಳುತ್ತಿದ್ದೆ. ಭಾವ ಕಾಫಿ ಆರಿಹೋಗುವಷ್ಟು ಹೊತ್ತು ಕೇಳುತ್ತಿದ್ದರು. ಒಮ್ಮೆ ಕರೆದುಕೊಂಡು ಹೋದೆ. ಆಮೇಲೆ ಅವರು ನನ್ನನ್ನು ಕರೆದುಕೊಂಡು ಹೋಗುವ ಹಾಗಾಯಿತು.

ಭಾವ ಊರಿನಿಂದ ಬಂದದ್ದು ನಮ್ಮ ಹೋಟೆಲಿನ ಅಳಿಯನಾಗಿ. ಅಳಿಯನಾಗಲಿ, ಮಗನಾಗಲಿ, ಗಲ್ಲಾದಲ್ಲಿ ಕೂರುವ ಮೊದಲು ಕಾಫಿಯ ಮುಂದೆ ನಿಲ್ಲಬೇಕು. ಇದು ನಮ್ಮ ಅಜ್ಜಿ ಹಾಕಿಕೊಟ್ಟ ಕ್ರಮ. ಹೊರಗೆಲ್ಲ ತಮಿಳಾಡುವ ಈ ಊರಿನಲ್ಲಿ ನನಗೆ ಕನ್ನಡ ಬಂದದ್ದೂ ಅಜ್ಜಿಯ ಬಾಯಿಂದ, ಮತ್ತೆ ಅಡಿಗೆಮನೆಯ ಮುದುಕರಿಂದ. ಆಳೆತ್ತರ ಎನ್ನಬಹುದಾದ ಹಿತ್ತಾಳೆ ಫಿಲ್ಟರಿನ ಮುಂದೆ ಹೊಸ ಅಳಿಯನನ್ನು ನಿಲ್ಲಿಸಿ ಅಜ್ಜಿ ಪಾಠ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

"ಪುಡಿ ಹಾಕು. ಕೈ ಬೆನ್ನಿಂದ ಸಮ ಮಾಡು. ಅಷ್ಟೆ. ಒತ್ಬೇಡ, ತಟ್ಬೇಡ. ತಟ್ಟಿದ್ರೆ ಪುಡಿ ಕಟ್ತದೆ, ಮತ್ತೆ ಡಿಕಾಕ್ಷನ್ ಇಳಿಯುದಿಲ್ಲ. ಪುಡಿಗೂ ಉಸಿರಾಡ್ಲಿಕ್ಕೆ ಜಾಗ ಬೇಕು, ಗೊತ್ತಾಯ್ತಾ?"

ಭಾವ ಮರೆತು ಒಮ್ಮೆ ಫಿಲ್ಟರಿನ ಪಕ್ಕೆಗೆ ತಟ್ಟಿದರು. ಅಜ್ಜಿ ಸೌಟಿನ ಹಿಡಿಯಿಂದ ಅವರ ಬೆರಳ ಗೆಣ್ಣಿಗೆ ಮೆಲ್ಲಗೆ ಒಂದು ಕೊಟ್ಟರು. ಹೊಸ ಅಳಿಯನಿಗೆ ಸೌಟು! ಅಡಿಗೆಮನೆಯೆಲ್ಲ ನಕ್ಕಿತು. ಆಮೇಲೆ ಭಾವನ ಕೈ ತಟ್ಟಿದ್ದನ್ನು ಯಾರೂ ಕಾಣಲಿಲ್ಲ. ನಮ್ಮ ಹೋಟೆಲಿನ ಕಾಫಿಗೆ ಹೆಸರು ಬಂದದ್ದು ಆ ಕೈಯಿಂದ.

ಯಂತ್ರ ಮನೆಗೆ ಬಂದಾಗ ಅಜ್ಜಿ ಇನ್ನೂ ಇದ್ದರು. ಯಾರೋ ಬಳಸಿ ಬಿಟ್ಟ ಹಳೆಯ ಮಾದರಿ. ಭಾವ ಅದನ್ನು ಮಗುವನ್ನು ಎತ್ತಿಕೊಳ್ಳುವ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಿದ್ದರು. ಅದು ಹೇಗೆ ಕೆಲಸ ಮಾಡುತ್ತದೆಂದು ಅಜ್ಜಿಗೆ ವಿವರಿಸಿದರು. ಬಿಟ್ಟ ಉಸಿರು ಹೊರಗೆ ಹೋಗುವುದಿಲ್ಲ. ಕೊಳವೆಯಲ್ಲಿ ಹೋಗಿ ಸುಣ್ಣದ ಹರಳಿನ ಡಬ್ಬಿಯೊಳಗೆ ನುಗ್ಗುತ್ತದೆ, ಉಸಿರಿನ ಕೊಳೆಯನ್ನು ಸುಣ್ಣ ಹೀರಿಕೊಳ್ಳುತ್ತದೆ, ಖರ್ಚಾದಷ್ಟು ಆಮ್ಲಜನಕವನ್ನು ಒಂದು ಸಣ್ಣ ಸಿಲಿಂಡರು ಸೇರಿಸುತ್ತದೆ, ಅದೇ ಉಸಿರು ಮತ್ತೆ ಬಾಯಿಗೆ.

ಅಜ್ಜಿ ಮೂಗಿನ ಮೇಲೆ ಬೆರಳಿಟ್ಟರು. "ಅಂದ್ರೆ ಎಂತ, ಬಿಟ್ಟ ಉಸಿರನ್ನೇ ಮತ್ತೆ ತಗೊಳ್ಳುದಾ? ಎಂಜಲು!"

"ನನ್ನದೇ ಎಂಜಲು ಅಲ್ವ ಅಜ್ಜಿ, ನನಗೆಂತ ದೋಷ?" ಎಂದರು ಭಾವ.

"ನಿನ್ನ ಎಂಜಲು ನಿನಗೆ ಆದೀತು ಮಾರಾಯ. ನಾಳೆ ಅದಕ್ಕೆ ಬೇರೆಯವರು ಬಾಯಿ ಇಟ್ರೆ?"

ಆ ದಿನ ಎಲ್ಲರೂ ನಕ್ಕೆವು. ಅಜ್ಜಿ ಭಾವನಿಗಿಂತ ಮೊದಲೇ ಹೋದರು, ಅದು ಅವರ ಪುಣ್ಯ. ಮಾತು ಮಾತ್ರ ಅಡಿಗೆಮನೆಯಲ್ಲೇ ಎಲ್ಲೋ ಉಳಿಯಿತು.

ಈ ವರ್ಷ ಭಾವನ ತಿಥಿ ಹತ್ತಿರವಾದಾಗ ಅಕ್ಕನ ಮಗಳು ಪೆಟ್ಟಿಗೆಯ ಗೋಣಿ ಬಿಚ್ಚಿದಳು. ಪೋರೂರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಅವಳಿಗೆ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಬರುವುದು ತಮಿಳಿನಲ್ಲಿ. ಅಪ್ಪ ಹೋದ ಮೇಲೆ, ಅಮ್ಮನಿಗೆ ಹೇಳದೆ, ಮುಳುಗುವುದನ್ನು ಕಲಿತಿದ್ದಳು. ಈಗ ಸದ್ದಿಲ್ಲದೆ ಪೆಟ್ಟಿಗೆಯ ಕೊಳವೆ, ಉಸಿರು ತುಂಬುವ ಚೀಲ, ಅಳತೆಯ ಸೆನ್ಸರು ಎಲ್ಲವನ್ನೂ ಬದಲಾಯಿಸಿ ತಂದಿದ್ದಳು. ರಿಪೇರಿಯವರು ಎಲ್ಲ ಸರಿ ಇದೆ ಎಂದು ಹೇಳಿದ್ದರಂತೆ. ಅಪ್ಪ ಕೊನೆಗೆ ಇಳಿದ ಕಡೆಯಲ್ಲೇ, ಅಪ್ಪನ ಯಂತ್ರದಲ್ಲೇ, ತಿಥಿಯ ವಾರ ತಾನು ಇಳಿಯಬೇಕು ಎಂದು ಅವಳ ಹಟ.

ಅಕ್ಕ ನನಗೆ ಫೋನು ಮಾಡಿದಳು. ಹೋದರೆ, ಗಲ್ಲಾದ ಹಿಂದಿನ ಬೆಂಚಿನಲ್ಲಿ ಕೂರಿಸಿ ಕಾಫಿ ಇಟ್ಟಳು.

"ನೀನು ಹೇಳು. ನೀರಿನೊಳಗೇ ಅನ್ನ ಹುಟ್ಟಿಸಿಕೊಂಡವ ನೀನು. ಅದು ಒಳ್ಳೇದಾ, ಕೆಟ್ಟದ್ದಾ? ನೀನು ಹೇಳಿದ್ರೆ ಅವಳು ಕೇಳ್ತಾಳೆ. ನಾನೂ ಕೇಳ್ತೇನೆ."

"ಕೆಟ್ಟದ್ದು ಅಂದ್ರೆ?"

"ಗುಜರಿಗೆ ಹಾಕುದು."

"ಒಳ್ಳೇದು ಅಂದ್ರೆ?"

ಅಕ್ಕ ಕೌಂಟರಿನ ಕಲ್ಲನ್ನು ಬಟ್ಟೆಯಿಂದ ಒರೆಸತೊಡಗಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. "ಅವತ್ತು ಬೆಳಿಗ್ಗೆ ನಾನು ಎಂತ ಹೇಳಿದ್ದೆ ಗೊತ್ತುಂಟಾ? ಭಾನುವಾರ, ಜನ ಕ್ಯೂ ನಿಂತಿದ್ರು, ಇವರು ಹೊರಟ್ರು. ಹೋಗಿ, ಆ ಮೀನುಗಳ ಹತ್ರವೇ ಇದ್ದುಬಿಡಿ ಅಂತ ಹೇಳಿದೆ. ಯಂತ್ರ ಒಳ್ಳೇದು ಅಂತಾದ್ರೆ, ಇವರು ಯಾಕೆ ಬರ್ಲಿಲ್ಲ ಹೇಳು."

ನನಗೆ ಆಗ ಅರ್ಥವಾಯಿತು. ಅಳೆಯಲು ಹೇಳಿದ್ದು ಯಂತ್ರವನ್ನು. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಕೂತಿದ್ದವರು ಭಾವ. ಅದು ಕೆಟ್ಟದ್ದು ಎಂದರೆ ಅಕ್ಕನಿಗೆ ನಿದ್ದೆ ಬರುತ್ತದೆ, ಆದರೆ ರಿಪೇರಿಯವರ ಮಾತು ಹಿಡಿದಿರುವ ಮಗಳು ನಂಬುವುದಿಲ್ಲ, ನನಗೂ ಹೇಳದೆ ಇಳಿಯುತ್ತಾಳೆ. ಒಳ್ಳೆಯದು ಎಂದರೆ ಮಗಳು ಖುಷಿಯಾಗಿ ಇಳಿಯುತ್ತಾಳೆ, ಅಕ್ಕ ಸಾಯುವವರೆಗೆ ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುತ್ತಾ ಇರುತ್ತಾಳೆ.

ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳಲು ಹೊರಟೆ. ಮಗಳೂ ಬಂದು ಬೆಂಚಿನ ತುದಿಯಲ್ಲಿ ಕೂತಳು.

ಮೊದಲು ಒಳ್ಳೆಯದು. ಸಾಮಾನ್ಯ ಸಿಲಿಂಡರಿನಲ್ಲಿ ಮುಳುಗುವವನು ಅಂದರೆ ಮದುವೆ ಮನೆಗೆ ಪಟಾಕಿ ಹೊಡೆದುಕೊಂಡು ಬಂದ ಹಾಗೆ. ಒಂದೊಂದು ಉಸಿರಿಗೂ ಬುಳುಬುಳು ಗುಳ್ಳೆ, ಕಿವಿಯ ತುಂಬ ಗದ್ದಲ. ಮೀನುಗಳು ಮೊದಲೇ ಓಡಿರುತ್ತವೆ. ಬಿಟ್ಟ ಉಸಿರಿನಲ್ಲಿ ಆಮ್ಲಜನಕ ಎಷ್ಟೋ ಉಳಿದಿರುತ್ತದೆ, ಅದೆಲ್ಲ ದಂಡ. ಈ ಪೆಟ್ಟಿಗೆಯಲ್ಲಿ ಆ ದಂಡ ಇಲ್ಲ. ಅಂಗೈ ಉದ್ದದ ಸಿಲಿಂಡರಿನಲ್ಲಿ ತುಂಬ ಹೊತ್ತು ಇರಬಹುದು. ಸಿಲಿಂಡರಿನ ಗಾಳಿ ಗಂಟಲನ್ನು ಒಣಗಿಸುತ್ತದೆ. ಇದರ ಗಾಳಿ ಬೆಚ್ಚಗೆ, ತೇವವಾಗಿ, ಯಾರೋ ಹತ್ತಿರ ಕೂತು ಊದಿದ ಹಾಗೆ ಬರುತ್ತದೆ. ಒಮ್ಮೆ ಭಾವ ತಾವೇ ಸಿದ್ಧ ಮಾಡಿ ನನ್ನ ಬೆನ್ನಿಗೆ ಕಟ್ಟಿ ಇಳಿಸಿದ್ದರು. ಆ ಮೌನವನ್ನು ನಾನು ಇನ್ನೂ ಮರೆತಿಲ್ಲ. ಬಂಡೆಯ ಸಂದಿಯಿಂದ ಒಂದು ದೊಡ್ಡ ಕಳವೆ ಮೀನು ಬಂದು ನನ್ನ ಮುಖದ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡಿತು. ಸಮುದ್ರದಲ್ಲಿ ನಾನು ಇಲ್ಲವೇ ಇಲ್ಲ ಎನಿಸಿತು. ಆ ಅನುಭವ ಬೇಕೆಂದು ಯಾರಾದರೂ ಮತ್ತೆ ಮತ್ತೆ ಇಳಿದರೆ ತಪ್ಪು ಹೇಳಲಾರೆ.

"ಮತ್ತೆ ಕೆಟ್ಟದ್ದು?" ಎಂದಳು ಅಕ್ಕ.

ಕೆಟ್ಟದ್ದೂ ಆ ಮೌನವೇ. ಸಿಲಿಂಡರಿನ ಗಾಳಿ ಮುಗಿಯುತ್ತಾ ಬಂದರೆ ಎಳೆಯಲು ಬಿಗಿಯಾಗುತ್ತದೆ, ಮನುಷ್ಯನಿಗೆ ತಿಳಿಯುತ್ತದೆ. ಈ ಪೆಟ್ಟಿಗೆ ಬಹಳ ಮರ್ಯಾದಸ್ಥ. ಕೆಟ್ಟ ಸುದ್ದಿಯನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಆಮ್ಲಜನಕ ಕಡಿಮೆಯಾದರೆ ಉಬ್ಬಸವಿಲ್ಲದೆ ನಿದ್ದೆ ಬರುತ್ತದೆ. ಹೆಚ್ಚಾದರೆ ಫಿಟ್ಸ್. ಸುಣ್ಣಕ್ಕೆ ನೀರು ತಗುಲಿದರೆ ಬಾಯಿ, ಗಂಟಲು ಸುಡುತ್ತದೆ. ಸುಣ್ಣ ಕೊಳೆಯನ್ನು ಹೀರದೆ ಬಿಟ್ಟರೆ ಆ ಕೊಳೆ ಉಸಿರೇ ತಿರುಗಿ ಬರುತ್ತದೆ. ಏದುಸಿರು ಹತ್ತುತ್ತದೆ, ತಲೆ ನೋಯುತ್ತದೆ, ಆಮೇಲೆ ತಲೆ ಓಡುವುದಿಲ್ಲ. ಆಮ್ಲಜನಕವನ್ನು ಅಳೆಯಲು ಅದರಲ್ಲಿ ಸೆನ್ಸರುಗಳಿವೆ, ಈ ಕೊಳೆಯನ್ನು ಅಳೆಯಲು ಏನೂ ಇಲ್ಲ. ತಪ್ಪು ಎಲ್ಲಿ ಎಂದು ಹುಡುಕಬೇಕಾದ ತಲೆಯನ್ನೇ ಅದು ಮೊದಲು ಮಬ್ಬು ಮಾಡುತ್ತದೆ.

"ಮಾಮಾ, ನಾನ್ ಲ್ಯಾಬ್‌ಲ ವೇಲೆ ಪಣ್ಣುರೇನ್" ಎಂದಳು ಮಗಳು. ಲ್ಯಾಬಿನಲ್ಲಿ ಕೆಲಸ ಮಾಡುವವಳು ನಾನು, ಚೆಕ್ ಮಾಡುವುದನ್ನು ನನಗೆ ಹೇಳಿಕೊಡಬೇಡಿ ಎಂದು ಅದರ ತಾತ್ಪರ್ಯ.

"ಸರಿ. ನಾಳೆ ಮಧ್ಯಾಹ್ನ ನನ್ನ ಎದುರು ಸಿದ್ಧ ಮಾಡು. ಸುಣ್ಣ ತುಂಬುವುದರಿಂದ ಹಿಡಿದು ಎಲ್ಲ. ನೋಡಿ ಹೇಳ್ತೇನೆ."

ಮರುದಿನ ಊಟದ ಗಲಾಟೆ ಇಳಿದ ಮೇಲೆ ಮಹಡಿಗೆ ಹೋದೆವು. ಅವಳು ಹಳೆಯ ಪೇಪರು ಹಾಸಿ ಎಲ್ಲ ಹರಡಿಕೊಂಡಳು. ಬಾಯಿಗೆ ಕಚ್ಚುವ ರಬ್ಬರನ್ನು ಮಾತ್ರ ಬದಲಾಯಿಸಿರಲಿಲ್ಲ. ಅದರ ಮೇಲೆ ಭಾವನ ಹಲ್ಲಿನ ಗುರುತು ಇತ್ತು. ಅವಳು ಅದನ್ನು ಬಾಯಿಗಿಟ್ಟು ಸರಿಯಾಗಿ ಕೂರುತ್ತದೆಯೇ ಎಂದು ನೋಡಿದಳು. ಚೀಲ ಉಬ್ಬಿತು, ಇಳಿಯಿತು. ಒಣಮೆಣಸಿನ ಆ ಸೆಕೆಯ ಕೋಣೆಯಲ್ಲಿ ನನಗೆ ಚಳಿಯಾಯಿತು. ಮೂರು ವರ್ಷ ಸುಮ್ಮನಿದ್ದ ಪೆಟ್ಟಿಗೆ ನಮ್ಮಿಬ್ಬರ ಮಧ್ಯೆ ಕೂತು ಉಸಿರಾಡುತ್ತಿತ್ತು.

"ನಿಂಗೆ ಏನೂ ಅನಿಸೋದಿಲ್ವಾ?" ಎಂದೆ.

ರಬ್ಬರನ್ನು ಬಾಯಿಂದ ತೆಗೆದು ಅವಳು ಕನ್ನಡದಲ್ಲೇ ಹೇಳಿದಳು: "ಅಪ್ಪನ ಎಂಜಲು ಅಲ್ವಾ ಮಾಮಾ."

ಆಮೇಲೆ ಸುಣ್ಣದ ಡಬ್ಬಿ ತೆಗೆದುಕೊಂಡಳು. ಅವಳು ತರಗತಿಯಲ್ಲಿ ಕಲಿತದ್ದು ಬೇರೆ ಮಾದರಿಯಲ್ಲಿ. ಅದರಲ್ಲಿ ಸುಣ್ಣ ತುಂಬಿದ ಸಿದ್ಧ ಡಬ್ಬಿಯನ್ನೇ ಕೂರಿಸುತ್ತಾರೆ. ಇದು ಹಳೆಯದು, ಕೈಯಲ್ಲೇ ತುಂಬಬೇಕು. ಸಬ್ಬಕ್ಕಿಯಂಥ ಬಿಳಿ ಹರಳುಗಳನ್ನು ಅವಳು ನಿಧಾನವಾಗಿ ಸುರಿದಳು. ಡಬ್ಬಿ ತುಂಬಿತು. ಅಂಗೈ ತಿರುಗಿಸಿ ಕೈಯ ಬೆನ್ನಿನಿಂದ ಒಂದು ಸುತ್ತು ಸವರಿ ಸಮ ಮಾಡಿದಳು. ಕಿರುಬೆರಳು ಮೇಲಕ್ಕೆತ್ತಿಕೊಂಡಿತ್ತು. ಮುಚ್ಚಳಕ್ಕೆ ಕೈ ಹಾಕಿದಳು.

ಆ ಕೈ ನನಗೆ ಗೊತ್ತು. ಕಿರುಬೆರಳೂ ಗೊತ್ತು. ಕೆಳಗೆ ಹಿತ್ತಾಳೆ ಫಿಲ್ಟರಿನ ಮುಂದೆ ಇಪ್ಪತ್ತು ವರ್ಷ ಅದನ್ನು ಕಂಡಿದ್ದೇನೆ. ಒಂದು ಕ್ಷಣ ಪೇಪರಿನ ಮೇಲೆ ಕೂತವರು ಯಾರು ಎಂದು ನನಗೆ ತಿಳಿಯಲಿಲ್ಲ.

"ಹೀಗೆ ತುಂಬೋದನ್ನು ಎಲ್ಲಿ ಕಲಿತೆ?"

"ಇಲ್ಲೇ. ಅಪ್ಪಾ ಇಪ್ಪಡಿದಾನ್ ಪಣ್ಣುವಾರು." ಅಪ್ಪ ಹೀಗೇ ಮಾಡುತ್ತಿದ್ದರು. ಚಿಕ್ಕವಳಿದ್ದಾಗ ಅಕ್ಕಿ ಮೂಟೆಯ ಮೇಲೆ ಕೂತು ನೋಡುತ್ತಿದ್ದಳಂತೆ. ಅಮ್ಮ ಬೈಯುತ್ತಾಳೆಂದು ಬಾಗಿಲು ಹಾಕಿಕೊಂಡು ಅಪ್ಪ ಮಗಳು ಇಬ್ಬರೇ.

ನಾನು ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡೆ. ಪಕ್ಕೆಗೆ ಅಂಗೈಯಿಂದ ತಟ್ಟಿದೆ. ಟಪ್, ಟಪ್, ಟಪ್, ಸುತ್ತಲೂ. ಅವಳು ಸಮ ಮಾಡಿದ ಸುಣ್ಣ ನಮ್ಮ ಕಣ್ಣೆದುರೇ ಕುಸಿಯಿತು, ಬೆರಳು ಇಳಿಯುವಷ್ಟು. ಡಬ್ಬಿಯನ್ನು ಅಡ್ಡ ಹಿಡಿದೆ, ಈಜುವವನ ಬೆನ್ನಿನ ಮೇಲೆ ಅದು ಮಲಗುವ ಹಾಗೆ. ಹರಳೆಲ್ಲ ಕೆಳಗೆ ಸರಿದು ಮೇಲ್ಗಡೆ ಉದ್ದಕ್ಕೂ ಒಂದು ಸಂದಿ ತೆರೆಯಿತು. ಹೊಸ ಯಂತ್ರಗಳಲ್ಲಿ ಸುಣ್ಣವನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಇರುತ್ತದೆ. ಇದರಲ್ಲಿ ಇರಲಿಲ್ಲ.

"ಉಸಿರು ಎಲ್ಲಿಂದ ಹೋಗ್ತದೆ ಹೇಳು" ಎಂದೆ.

ಅವಳು ಸಂದಿಯನ್ನು ನೋಡಿದಳು. ನಾನು ಬಿಡಿಸಿ ಹೇಳಬೇಕಾದ್ದೇನೂ ಇರಲಿಲ್ಲ. ಸುಲಭದ ದಾರಿ ಇರುವಾಗ ಉಸಿರು ಸುಣ್ಣದೊಳಗೆ ಯಾಕೆ ನುಗ್ಗುತ್ತದೆ? ಕೊಳೆ ಹಾಗೇ ಬಾಯಿಗೆ ತಿರುಗಿ ಬರುತ್ತದೆ. ನೀರು ಶಾಂತವಾಗಿದ್ದು, ಕೈಕಾಲು ಆಡಿಸದೆ ಮೀನು ನೋಡುತ್ತಾ ಇದ್ದರೆ ಹೇಗೋ ನಡೆಯುತ್ತದೆ. ದೋಣಿಯಲ್ಲಿ ಕೂತು ಪರೀಕ್ಷೆ ಮಾಡಿದರೂ ಗೊತ್ತಾಗುವುದಿಲ್ಲ. ಆ ಭಾನುವಾರ ಮಾತ್ರ ನೀರಿನ ಎಳೆತ ಜೋರಾಗಿತ್ತು ಎಂದು ದೋಣಿಯವರು ಹೇಳಿದ್ದರು. ಎಳೆತದ ವಿರುದ್ಧ ಕಾಲು ಬಡಿದವನ ಉಸಿರು ಎರಡರಷ್ಟು, ಮೂರರಷ್ಟು.

ಭಾನುವಾರದ ಸಂಜೆಗಳು ನೆನಪಾದವು. ಸಮುದ್ರದಿಂದ ಬಂದ ಭಾವ ಹಣೆ ಹಿಡಿದುಕೊಂಡು ಬೆಂಚಿನಲ್ಲಿ ಕೂರುತ್ತಿದ್ದರು. "ಬಿಸಿಲು, ಬಿಸಿಲು" ಎನ್ನುತ್ತಾ ಅಕ್ಕ ಸ್ಟ್ರಾಂಗ್ ಕಾಫಿ ಕೊಡುತ್ತಿದ್ದಳು. ಕಳವೆ ಮೀನು ಕಂಡ ದಿನ ನನಗೂ ತಲೆ ಸಿಡಿಯುತ್ತಿತ್ತು. ನನಗೂ ಅದೇ ಕಾಫಿ.

ಸುಣ್ಣವನ್ನು ತಟ್ಟಿ ತುಂಬಬೇಕೆಂದು ಭಾವನಿಗೆ ಯಾರಾದರೂ ಹೇಳಿಕೊಟ್ಟಿರಲೇಬೇಕು. ಹೇಳಿಕೊಟ್ಟದ್ದು ತಲೆಯಲ್ಲಿತ್ತೋ ಏನೋ. ಕೈಯಲ್ಲಿ ಇದ್ದದ್ದು ಅಜ್ಜಿಯ ಸೌಟು. ಡಬ್ಬಿ, ಪುಡಿಯಂಥ ಪದಾರ್ಥ, ಸಮ ಮಾಡು, ಮುಚ್ಚು. ಇದೇ ಕಾರಣ ಎಂದು ಆಣೆಯಿಟ್ಟು ಹೇಳಲಾರೆ. ಗಂಜಿಯಾದ ಸುಣ್ಣ ಸಾಕ್ಷಿ ಹೇಳುವುದಿಲ್ಲ. ಆದರೆ ಆ ಮಧ್ಯಾಹ್ನದಿಂದ ನನ್ನ ಮನಸ್ಸಿನಲ್ಲಿ ಬೇರೆ ಕಾರಣಕ್ಕೆ ಜಾಗವಿಲ್ಲ.

"ಇನ್ನೊಮ್ಮೆ ತುಂಬು. ತಟ್ಟಿ, ಮತ್ತೆ ಸುರಿದು, ಮತ್ತೆ ತಟ್ಟು. ಇಳಿಯುವುದು ನಿಲ್ಲುವವರೆಗೆ" ಎಂದೆ.

ಅವಳು ತಟ್ಟಿದಳು. ಮೊದಲು ಮೆಲ್ಲಗೆ, ಯಾರಾದರೂ ಬೈದಾರು ಎಂಬ ಹಾಗೆ. ಆಮೇಲೆ ಜೋರಾಗಿ. ಅಳುತ್ತಲೇ ತಟ್ಟಿದಳು. ಮರದ ಮಹಡಿ, ಸದ್ದು ಕೆಳಗೆಲ್ಲ ಕೇಳಿರಬೇಕು. ಮೆಟ್ಟಿಲಿನ ಮೇಲೆ ಅಕ್ಕನ ಹೆಜ್ಜೆ ಬಂತು. ಸೆರಗಿಗೆ ಕೈ ಒರೆಸುತ್ತಾ ಬಾಗಿಲಲ್ಲಿ ನಿಂತಳು.

"ಎಂತದು ಅದು ಬಡಿಯುದು? ಗಿರಾಕಿಗಳು ಮೇಲೆ ನೋಡ್ತಿದ್ದಾರೆ."

"ಸುಣ್ಣ ತುಂಬ್ತಿದ್ದಾಳೆ ಅಕ್ಕ. ಹೀಗೆ ತಟ್ಟಿ ತುಂಬಬೇಕು."

"ಪ್ರತಿಸಲವೂ?"

"ಪ್ರತಿಸಲವೂ."

ಅಕ್ಕ ಡಬ್ಬಿಯನ್ನು ನೋಡಿದಳು, ಮಗಳ ಕೈಯನ್ನು ನೋಡಿದಳು, ನನ್ನ ಮುಖ ನೋಡಿದಳು. ಅಡಿಗೆಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಎಷ್ಟು ಹೇಳಬೇಕು?

"ಇವರು ತುಂಬುವಾಗ ಈ ಸದ್ದು ಒಂದು ದಿನವೂ ಕೇಳಿದ್ದಿಲ್ಲ" ಎಂದಳು. ಬಾಗಿಲ ಚೌಕಟ್ಟು ಹಿಡಿದುಕೊಂಡು, "ಅಜ್ಜಿ ಹೊಡೆದಿದ್ರು ಅಲ್ವ, ಸೌಟಲ್ಲಿ."

"ಹೌದು."

ಅಕ್ಕ ಅಕ್ಕಿ ಮೂಟೆಯ ಮೇಲೆ ಕುಸಿದು ಕೂತಳು. ಅಳುತ್ತಾಳೆ ಅಂದುಕೊಂಡೆ. ಅವಳು ದೀರ್ಘವಾಗಿ ಉಸಿರು ಬಿಟ್ಟಳು. "ಹಾಗಾದ್ರೆ ಬರುವ ಮನಸ್ಸಿತ್ತು ಅವರಿಗೆ" ಎಂದಳು, ಮೂಟೆಗೆ ಹೇಳುವ ಹಾಗೆ.

ಆಮೇಲೆ ನನ್ನ ಕಡೆ ತಿರುಗಿದಳು. "ಈಗ ಹೇಳು. ಒಳ್ಳೇದಾ ಕೆಟ್ಟದ್ದಾ?"

"ಒಳ್ಳೇದೇ ಅಕ್ಕ. ಆದ್ರೆ ಯಾರ ಕೈ ಎಂತದು ಅಂತ ಅದು ಕೇಳುದಿಲ್ಲ. ಈ ಸಲ ಬೇಡ. ಈ ಸಲ ಅವಳು ನನ್ನ ಜೊತೆ ಸಿಲಿಂಡರಿನಲ್ಲಿ ಇಳಿಯಲಿ. ಇದನ್ನು ಹಳೆಯ ಮಾದರಿ ಗೊತ್ತಿರುವ ಒಬ್ಬ ಮೇಷ್ಟ್ರ ಹತ್ರ ಮೊದಲಿಂದ ಕಲಿಯಲಿ. ನಮ್ಮ ಹೋಟೆಲಿನ ಕಾಫಿ ಕುಡಿಯದೇ ಇದ್ದವರ ಹತ್ರ."

ಮಗಳು ಕಣ್ಣೊರೆಸಿಕೊಂಡು ನಕ್ಕಳು. "ಸರಿ ಮಾಮಾ" ಎಂದಳು.

ತಿಥಿಯ ವಾರ ಇಬ್ಬರೂ ಪಟಾಕಿ ಹೊಡೆದುಕೊಂಡೇ ಇಳಿದೆವು. ಗುಳ್ಳೆಯ ಗದ್ದಲಕ್ಕೆ ಒಂದು ಮೀನೂ ನಿಲ್ಲಲಿಲ್ಲ. ಎರಡು ಉಸಿರಿನ ನಡುವೆ ಗುಳ್ಳೆ ನಿಂತಾಗ ಮಾತ್ರ ಆ ಹಳೆಯ ಮೌನ ಬರುತ್ತಿತ್ತು, ನಮ್ಮ ಹಿಂದೆ ಮೂರನೆಯವರು ಯಾರೋ ಸದ್ದು ಮಾಡದೆ ಬರುತ್ತಿರುವ ಹಾಗೆ. ಅವಳು ಎರಡು ಬಾರಿ ತಿರುಗಿ ನೋಡಿದಳು. ನಾನೂ ನೋಡಿದೆ.

ಈಗ ಅವಳು ಯಂತ್ರವನ್ನು ಸರಿಯಾಗಿ ಕಲಿತಿದ್ದಾಳೆ. ಇಳಿಯುವ ದಿನ ಬೆಳಿಗ್ಗೆ ಮಹಡಿಯಲ್ಲಿ ಸುಣ್ಣ ತುಂಬುತ್ತಾಳೆ. ಅವಳು ಮೇಲೆ ಹೋದ ಕೂಡಲೇ ಅಕ್ಕ ಕೆಳಗೆ ಗ್ರೈಂಡರು ನಿಲ್ಲಿಸುತ್ತಾಳೆ. ಹಿಟ್ಟು ಅರ್ಧಕ್ಕೇ ನಿಂತಿರಲಿ, ದೋಸೆಗೆ ಜನ ಕಾಯುತ್ತಿರಲಿ, ಟಪ್ ಟಪ್ ಎಂಬುದು ಪೂರ್ತಿಯಾಗಿ ಕೇಳಿ ನಿಲ್ಲುವವರೆಗೆ ಗ್ರೈಂಡರು ತಿರುಗುವುದಿಲ್ಲ. ಅಡಿಗೆಯವರಿಗೂ ಅಭ್ಯಾಸವಾಗಿದೆ; ಸೌಟು ಎತ್ತಿ ಹಿಡಿದು ಸುಮ್ಮನೆ ನಿಲ್ಲುತ್ತಾರೆ.

ಮೊನ್ನೆ ಹೋಟೆಲಿಗೆ ಹೋಗಿದ್ದಾಗ ಅಕ್ಕ ಕಾಫಿ ಇಟ್ಟು ಪಕ್ಕದಲ್ಲಿ ಕೂತಳು. ದನಿ ತಗ್ಗಿಸಿ ಹೇಳಿದಳು.

"ಮೇಲೆ ಮತ್ತೆ ತಟ್ಟುವ ಸದ್ದು ಕೇಳ್ತು ಮಾರಾಯ. ನಾನು ಗ್ರೈಂಡರ್ ನಿಲ್ಲಿಸಿದೆ. ಕಡೆಗೆ ನೋಡಿದ್ರೆ ಇವಳು ಪೋರೂರಿನಲ್ಲಿ, ಡ್ಯೂಟಿ. ಮೇಲೆ ಬೀಗ."

"ಇಲಿ ಇರಬಹುದು ಅಕ್ಕ."

"ಇಲಿ ಎಲ್ಲಿಯಾದ್ರೂ ತಟ್ಟಿ, ಸ್ವಲ್ಪ ನಿಲ್ಲಿಸಿ, ಮತ್ತೆ ತಟ್ತದಾ? ಸುಣ್ಣ ಸುರಿಯುವಷ್ಟು ಹೊತ್ತು ಬಿಟ್ಟು?"

ಅಕ್ಕ ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿ, ಮಹಡಿಯ ಕಡೆ ಒಮ್ಮೆ ನೋಡಿದಳು.

"ಇವರೂ ಕಲಿತ್ರು ಕಾಣ್ತದೆ" ಎಂದಳು.